ಸಾಫ್ಟ್ ಪೇಸ್ಟಲ್‌ನಲ್ಲಿ ಹಿಮದ ನಿಸರ್ಗಚಿತ್ರ: ಪದೇ ಪದೇ ಕೇಳುವ ಪ್ರಶ್ನೆಗಳು

ಹಿಮದ ಚಿತ್ರ ಬರೆಯಲು ಕೂತವರ ಕೈ ಮೊದಲು ಹೋಗುವುದು ಬಿಳಿ ಕಡ್ಡಿಗೆ. ಅರ್ಧ ಚಿತ್ರ ಅಲ್ಲೇ ಕೆಡುತ್ತದೆ. ಪೇಸ್ಟಲ್ ಹಿಡಿದವರು ನನ್ನನ್ನು ಕೇಳುವ ಪ್ರಶ್ನೆಗಳು ಎಲ್ಲಿಂದ ಹೊರಟರೂ ಸುತ್ತಿ ಬಳಸಿ ಆ ಬಿಳಿ ಕಡ್ಡಿಯ ಹತ್ತಿರವೇ ಬಂದು ನಿಲ್ಲುತ್ತವೆ. ಹಾಗಾಗಿ ಉತ್ತರಗಳಲ್ಲೂ ಅದರ ಮಾತು ಮತ್ತೆ ಮತ್ತೆ ಬರುತ್ತದೆ.

ಸಾಫ್ಟ್ ಪೇಸ್ಟಲ್, ಆಯಿಲ್ ಪೇಸ್ಟಲ್ ಎರಡೂ ಒಂದೇನಾ?

ಅಲ್ಲ. ಸಾಫ್ಟ್ ಪೇಸ್ಟಲ್ ಅಂದರೆ ಬಣ್ಣದ ಪುಡಿ, ಜೊತೆಗೆ ಸೀಮೆಸುಣ್ಣದಂಥ ಬಿಳಿ ಪುಡಿ, ಇವನ್ನು ಕಡ್ಡಿಯಾಗಿ ಹಿಡಿದಿಡಲು ಬೇಕಾದಷ್ಟೇ ಅಂಟು. ಹಿಂದಿನಿಂದ ಬಳಕೆಯಲ್ಲಿರುವುದು ಟ್ರ್ಯಾಗಕಾಂತ್ ಎಂಬ ಗಿಡದ ಗೋಂದು. ಅಂಟು ಕಡಿಮೆಯಾದಷ್ಟೂ ಕಡ್ಡಿ ಮೆತ್ತಗೆ, ಬಣ್ಣ ಗಾಢ. ಆಯಿಲ್ ಪೇಸ್ಟಲ್‌ನಲ್ಲಿ ಅಂಟಿನ ಜಾಗದಲ್ಲಿ ಎಣ್ಣೆ ಮತ್ತು ಮೇಣ ಇರುತ್ತವೆ. ಅದರಲ್ಲೂ ಹಿಮ ಬರೆಯಬಹುದು, ಆದರೆ ಇಲ್ಲಿ ಹೇಳಿರುವ ಯಾವ ವಿಧಾನವೂ ಅದಕ್ಕೆ ಹೊಂದುವುದಿಲ್ಲ. ಎರಡನ್ನೂ ಒಂದೇ ಚಿತ್ರದಲ್ಲಿ ಬೆರೆಸಲೇಬೇಡಿ. ಎಣ್ಣೆಯ ಮೇಲೆ ಪುಡಿ ಸರಿಯಾಗಿ ಕೂರುವುದಿಲ್ಲ.

‘ಪೇಸ್ಟಲ್ ಬಣ್ಣ’ ಎಂದರೆ ಮಾಸಲು ಗುಲಾಬಿ, ತಿಳಿ ಹಸಿರು ಅಂತಷ್ಟೇ ತಿಳಿದವರಿದ್ದಾರೆ. ಒಳ್ಳೆಯ ಪೆಟ್ಟಿಗೆಯಲ್ಲಿ ರಾತ್ರಿಯಷ್ಟು ಗಾಢವಾದ ನೀಲಿ, ನೇರಳೆ, ಕಂದು ಎಲ್ಲ ಇರುತ್ತವೆ. ಹಿಮದ ಚಿತ್ರ ನಿಲ್ಲುವುದು ಆ ಗಾಢ ಬಣ್ಣಗಳ ಆಸರೆಯಲ್ಲೇ.

ಹಿಮಕ್ಕೆ ಪೇಸ್ಟಲ್ಲೇ ಏಕೆ? ಜಲವರ್ಣ ಸಾಲದೇ?

ಧಾರಾಳವಾಗಿ ಸಾಕು. ಆದರೆ ಪೇಸ್ಟಲ್‌ಗೂ ಹಿಮಕ್ಕೂ ಒಂದು ನಂಟಿದೆ. ಎರಡೂ ಪುಡಿ. ಹಿಮದ ಹರಳುಗಳ ಮೇಲೆ ಬಿದ್ದ ಬೆಳಕು ಹೇಗೆ ಎಲ್ಲ ದಿಕ್ಕಿಗೂ ಚದುರುತ್ತದೋ ಹಾಗೆಯೇ ಪೇಸ್ಟಲ್ ಕಣಗಳ ಮೇಲೆ ಬಿದ್ದ ಬೆಳಕೂ ಚದುರುತ್ತದೆ. ಎಣ್ಣೆಬಣ್ಣದ ಮೆರುಗು ಇಲ್ಲಿಲ್ಲ. ಮೆತ್ತನೆಯ, ಮಖಮಲ್ಲಿನಂಥ ಮೈ ಸಿಗುತ್ತದೆ. ಜಲವರ್ಣದಲ್ಲಿ ಬಿಳಿಯನ್ನು ಮೊದಲೇ ಲೆಕ್ಕ ಹಾಕಿ ಕಾಗದ ಖಾಲಿ ಬಿಡಬೇಕು. ಪೇಸ್ಟಲ್‌ನಲ್ಲಿ ಗಾಢದಿಂದ ಹೊರಟು ಬೆಳಕಿನ ಕಡೆಗೆ ನಡೆಯಬಹುದು: ನೆಲ ಮೊದಲು, ಅದರ ಮೇಲೆ ನೆರಳು, ಆಮೇಲೆ ಹಿಮ, ಕೊನೆಗೆ ಅದರ ಹೊಳಪು.

ಹಿಮ ಬಿಳಿ ತಾನೇ? ಬಿಳಿ ಕಾಗದವನ್ನು ಹಾಗೇ ಬಿಟ್ಟರೆ ಆಗದೇ?

ಹಿಮ ಬಿಳಿ ಅನ್ನುವುದು ನಮ್ಮ ತಿಳಿವಳಿಕೆ. ಕಣ್ಣಿಗೆ ಬೀಳುವುದು ಬೇರೆ. ಹೊಸದಾಗಿ ಬಿದ್ದ ಹಿಮ ತನ್ನ ಮೇಲೆ ಬಿದ್ದ ಬೆಳಕಿನ ಸುಮಾರು ಶೇ 80ರಿಂದ 90ರಷ್ಟು ಪಾಲನ್ನು ಹಿಂದಕ್ಕೆ ಕಳಿಸುತ್ತದೆ, ಅದೂ ಹೆಚ್ಚುಕಡಿಮೆ ಎಲ್ಲ ಬಣ್ಣವನ್ನೂ ಸಮನಾಗಿ. ಅಂದರೆ ಹಿಮ ತನ್ನದೆಂದು ಬಣ್ಣ ಇಟ್ಟುಕೊಳ್ಳುವುದಿಲ್ಲ. ಸಂಜೆ ಸೂರ್ಯ ಬಿದ್ದ ಕಡೆ ಕೇಸರಿ, ಆಕಾಶಕ್ಕೆ ಮುಖ ಮಾಡಿದ ಕಡೆ ನೀಲಿ, ಹಸಿರು ಪೈನ್ ಮರದ ಮಗ್ಗುಲಲ್ಲಿ ತುಸು ಹಸಿರು, ಕಂದು ಬೇಲಿಯ ಪಕ್ಕದಲ್ಲಿ ತುಸು ಕಂದು.

ಇದನ್ನು ಒಮ್ಮೆ ನೀವೇ ಪರೀಕ್ಷೆ ಮಾಡಿ. ತಿಳಿಬೂದು ಕಾಗದದ ಮೇಲೆ ಅಚ್ಚ ಬಿಳಿಯ ಒಂದು ಗುರುತು ಹಾಕಿ. ಪಕ್ಕದಲ್ಲಿ ಕೆನೆಹಳದಿ, ತಿಳಿಗುಲಾಬಿ, ತಿಳಿನೀಲಿ ಮೂರರ ಒಂದೊಂದು ಗುರುತು. ಎರಡು ಹೆಜ್ಜೆ ಹಿಂದೆ ಸರಿದು ನೋಡಿ. ಅಚ್ಚ ಬಿಳಿ ತಣ್ಣಗೆ, ಸತ್ತ ಹಾಗೆ, ಗೋಡೆಗೆ ಬಳಿದ ಸುಣ್ಣದ ಹಾಗೆ ಕಾಣುತ್ತದೆ. ಕೆನೆಹಳದಿಯೇ ಬಿಸಿಲಿನ ಹಿಮದ ಹಾಗೆ ಕಾಣುತ್ತದೆ.

ಇನ್ನೊಂದು ಕಾರಣವೂ ಇದೆ. ಪೆಟ್ಟಿಗೆಯಲ್ಲಿ ಬಿಳಿಗಿಂತ ಬೆಳ್ಳಗಿನದು ಯಾವುದೂ ಇಲ್ಲ. ಹಿಮವನ್ನೆಲ್ಲ ಬಿಳಿಯಲ್ಲೇ ತುಂಬಿಸಿಬಿಟ್ಟರೆ, ಬಿಸಿಲು ತಾಗಿ ಕಣ್ಣು ಕೋರೈಸುವ ಆ ಒಂದು ಅಂಚಿಗೆ ಕೊಡಲು ನಿಮ್ಮ ಹತ್ತಿರ ಏನೂ ಉಳಿದಿರುವುದಿಲ್ಲ. ನಾನು ಬಿಳಿ ಕಡ್ಡಿಯನ್ನು ಪೆಟ್ಟಿಗೆಯಿಂದ ತೆಗೆದು ಕೈಗೆ ಸಿಗದ ಕಡೆ ಇಟ್ಟು ಕೆಲಸ ಶುರು ಮಾಡುತ್ತೇನೆ. ಹಲವು ಚಿತ್ರಗಳಲ್ಲಿ ಅದರ ಅಗತ್ಯವೇ ಬಿದ್ದಿಲ್ಲ.

ಹಿಮದ ಮೇಲಿನ ನೆರಳು ನೀಲಿ ಏಕೆ? ಎಷ್ಟು ನೀಲಿ ಹಾಕಬೇಕು?

ನೆರಳಿರುವ ಜಾಗಕ್ಕೆ ಸೂರ್ಯನ ಬೆಳಕು ನೇರ ಬೀಳುವುದಿಲ್ಲ, ಆದರೆ ಆಕಾಶದ ಬೆಳಕು ಬಿದ್ದೇ ಬೀಳುತ್ತದೆ. ಆಕಾಶ ನೀಲಿಯಾಗಿದ್ದರೆ ನೆರಳೂ ನೀಲಿ. ಹುಲ್ಲು, ಮಣ್ಣುಗಳ ಮೇಲೂ ಇದೇ ನಡೆಯುತ್ತದೆ, ಅವುಗಳ ಸ್ವಂತ ಬಣ್ಣ ಅದನ್ನು ಮುಚ್ಚಿಹಾಕುತ್ತದೆ ಅಷ್ಟೆ. ಹಿಮ ಏನನ್ನೂ ಮುಚ್ಚಿಡುವುದಿಲ್ಲ.

ಹಿಮ ಇಲ್ಲದೆಯೂ ಇದನ್ನು ಕಣ್ಣಾರೆ ನೋಡಬಹುದು. ಒಂದು ಬಿಳಿ ಬಟ್ಟೆಯನ್ನು ಮುದುಡಿ ಗುಡ್ಡೆ ಮಾಡಿ ಮೇಜಿನ ಮೇಲಿಡಿ. ಒಂದು ಕಡೆಯಿಂದ ಕಿಟಕಿಯ ಬೆಳಕು, ಇನ್ನೊಂದು ಕಡೆಯಿಂದ ಹಳದಿ ಬಲ್ಬಿನ ಬೆಳಕು ಬೀಳಲಿ. ಬಲ್ಬಿನ ಬೆಳಕು ತಲುಪದೆ ಕಿಟಕಿಯ ಬೆಳಕು ಮಾತ್ರ ಮುಟ್ಟುವ ಮಡಿಕೆಗಳನ್ನು ನೋಡುತ್ತಾ ಹೋಗಿ. ಮೊದಲು ಬೂದು ಅನ್ನಿಸುತ್ತದೆ. ಸ್ವಲ್ಪ ಹೊತ್ತು ಕಣ್ಣು ಕೀಲಿಸದೆ ಬಟ್ಟೆಯ ಮೇಲೆಲ್ಲ ಓಡಾಡಿಸಿದರೆ ಆ ಮಡಿಕೆಗಳು ನೀಲಿಗೆ ತಿರುಗುತ್ತವೆ. ಬೆಟ್ಟ, ಕಣಿವೆ, ಇಳಿಜಾರು ಎಲ್ಲವೂ ಆ ಬಟ್ಟೆಯಲ್ಲಿವೆ. ಒಂದು ವಾರ ದಿನಕ್ಕೆ ಅರ್ಧ ಗಂಟೆ ಅದನ್ನೇ ಬರೆದರೆ ಹಿಮದ ಮುಕ್ಕಾಲು ಪಾಠ ಮುಗಿದ ಹಾಗೆ.

ಎಷ್ಟು ನೀಲಿ ಅನ್ನುವುದಕ್ಕೆ ಅವತ್ತಿನ ಆಕಾಶವೇ ಉತ್ತರ. ತಿಳಿಯಾದ ಆಕಾಶ, ಇಳಿಬಿಸಿಲು ಇದ್ದರೆ ನೆರಳು ಧೈರ್ಯವಾಗಿ ನೀಲಿ-ನೇರಳೆ. ಮೋಡ ಕವಿದ ದಿನ ನೆರಳೇ ಇರುವುದಿಲ್ಲ. ಬೂದಿನಲ್ಲಿ ಬೂದು ಕರಗಿದ ಹಾಗೆ ಸಣ್ಣ ವ್ಯತ್ಯಾಸ ಮಾತ್ರ. ಅಲ್ಲಿ ಕಡುನೀಲಿ ಹಾಕಿದರೆ ಸುಳ್ಳು ಎದ್ದು ಕಾಣುತ್ತದೆ. ಮತ್ತೆ, ನೆರಳು ಒಂದೇ ಬಣ್ಣವಲ್ಲ. ಮರದ ಬುಡದಲ್ಲಿ ಗಾಢ, ಅಂಚು ಚೂಪು. ದೂರ ಹೋದಂತೆ ತಿಳಿ, ಅಂಚು ಮಸುಕು. ಒಂದೇ ನೆರಳಿಗೆ ಒಂದೇ ಗಾಢತೆಯ ಮೂರು ಕಡ್ಡಿ ತೆಗೆದುಕೊಳ್ಳಿ: ನೀಲಿ, ನೇರಳೆ, ಹಸಿರು ಬೆರೆತ ನೀಲಿ. ಗಾಢತೆ ಒಂದೇ ಆಗಿರುವುದರಿಂದ ನೆರಳು ಒಡೆಯುವುದಿಲ್ಲ, ಬಣ್ಣ ಬೇರೆಯಾಗಿರುವುದರಿಂದ ಉಸಿರಾಡುತ್ತದೆ.

ಕ್ಲೋದ್ ಮೊನೆ 1868-69ರ ಚಳಿಗಾಲದಲ್ಲಿ ಫ್ರಾನ್ಸಿನ ನಾರ್ಮಂಡಿಯಲ್ಲಿ ಎಣ್ಣೆಬಣ್ಣದಲ್ಲಿ ಬರೆದ ಚಿತ್ರವೊಂದಿದೆ. ಬೇಲಿಯ ಗೇಟಿನ ಮೇಲೆ ಒಂದು ಮ್ಯಾಗ್‌ಪೈ ಹಕ್ಕಿ ಕೂತಿದೆ, ಮುಂದೆಲ್ಲ ಹಿಮ, ಹಿಮದ ಮೇಲೆ ಬೇಲಿಯ ನೀಲಿ ನೆರಳು. 1869ರ ಪ್ಯಾರಿಸ್ ಸಲೋನ್ ಪ್ರದರ್ಶನ ಅದನ್ನು ತಿರಸ್ಕರಿಸಿತು. ಇವತ್ತು ಅದು ಪ್ಯಾರಿಸ್‌ನ ಓರ್ಸೇ ವಸ್ತುಸಂಗ್ರಹಾಲಯದಲ್ಲಿದೆ. ಅದರ ಒಳ್ಳೆಯ ಪ್ರತಿಯೊಂದನ್ನು ಮುಂದಿಟ್ಟುಕೊಂಡು ಅಚ್ಚ ಬಿಳಿ ಎಲ್ಲೆಲ್ಲಿದೆ ಎಂದು ಬೆರಳಿಟ್ಟು ಹುಡುಕಿ. ನನಗೆ ಹಿಮ ಕಲಿಸಿದ್ದು ಆ ಹುಡುಕಾಟವೇ.

ನಾನು ಹಿಮವನ್ನೇ ನೋಡಿಲ್ಲ. ಫೋಟೋ ನೋಡಿ ಬರೆಯಬಹುದೇ?

ಬರೆಯಬಹುದು, ಫೋಟೋ ಹೇಳುವ ಸುಳ್ಳುಗಳು ಗೊತ್ತಿದ್ದರೆ. ಕ್ಯಾಮೆರಾದ ಬೆಳಕಿನ ಅಳತೆ ಎದುರಿಗಿರುವುದನ್ನು ನಡುವಣ ಬೂದು ಎಂದೇ ಎಣಿಸುತ್ತದೆ. ಚೌಕಟ್ಟಿನ ತುಂಬ ಹಿಮವಿದ್ದರೆ ಅದನ್ನೂ ಬೂದು ಮಾಡಿಬಿಡುತ್ತದೆ. ಆದ್ದರಿಂದಲೇ ಹಿಮದ ಫೋಟೋ ತೆಗೆಯುವವರು ಎಕ್ಸ್‌ಪೋಶರ್ ಅನ್ನು ಒಂದರಿಂದ ಎರಡು ಸ್ಟಾಪ್ ಏರಿಸುತ್ತಾರೆ, ಅಂದರೆ ಎರಡರಿಂದ ನಾಲ್ಕು ಪಟ್ಟು ಬೆಳಕು ಒಳಗೆ ಬಿಡುತ್ತಾರೆ. ಏರಿಸದೆ ತೆಗೆದ ಫೋಟೋ ಮಂಕಾಗಿರುತ್ತದೆ. ಅದರಲ್ಲಿ ಮರಗಳು ಕರಿ ಮಸಿಯಾಗಿರುತ್ತವೆ. ಅತಿಯಾಗಿ ಏರಿಸಿದರೆ ಬಿಸಿಲಿನ ಹಿಮದಲ್ಲಿ ವಿವರವೇ ಇರದೆ ಖಾಲಿ ಬಿಳಿ ಉಳಿಯುತ್ತದೆ. ಕಣ್ಣಿಗೆ ಕಾಣುವುದು ಈ ಎರಡರ ನಡುವೆ.

ಫೋಟೋದಿಂದ ಆಕಾರ ತೆಗೆದುಕೊಳ್ಳಿ, ಬೆಳಕಿನ ದಿಕ್ಕು ತೆಗೆದುಕೊಳ್ಳಿ. ಬಣ್ಣವನ್ನು ಆ ಬಿಳಿ ಬಟ್ಟೆಯಿಂದ ಕಲಿತುಕೊಳ್ಳಿ. ಇಂಟರ್ನೆಟ್ಟಿನಲ್ಲಿ ಸಿಕ್ಕ ಬೇರೆಯವರ ಫೋಟೋ ಬಳಸುವುದಾದರೆ ಅವರ ಅನುಮತಿ ಪಡೆಯಿರಿ, ಇಲ್ಲವೇ ಮುಕ್ತ ಬಳಕೆಗೆ ಬಿಟ್ಟಿರುವುದನ್ನೇ ಆರಿಸಿ.

ಎಷ್ಟು ಕಡ್ಡಿ ಬೇಕು? ಯಾವ ಯಾವ ಬಣ್ಣ?

ಜಲವರ್ಣದ ಹಾಗೆ ಎರಡು ಬಣ್ಣ ಕಲಸಿ ಮೂರನೆಯದು ಮಾಡಿಕೊಳ್ಳುವ ತಟ್ಟೆ ಪೇಸ್ಟಲ್‌ಗೆ ಇಲ್ಲ. ಮಿಶ್ರಣವೇನಿದ್ದರೂ ಕಾಗದದ ಮೇಲೇ ಆಗಬೇಕು. ಹಾಗಾಗಿ ಕಡ್ಡಿ ಹೆಚ್ಚು ಬೇಕು ಅನ್ನುವುದು ನಿಜ. ಆದರೂ ಹಿಮದ ಚಿತ್ರಕ್ಕೆ 30-40 ಅರ್ಧ ಕಡ್ಡಿಗಳಲ್ಲಿ ಚೆನ್ನಾಗಿ ಕೆಲಸ ಸಾಗುತ್ತದೆ. ನಿಸರ್ಗಚಿತ್ರದ ಸಿದ್ಧ ಪೆಟ್ಟಿಗೆ ಕೊಂಡರೆ ಅದರಲ್ಲಿ ಹಸಿರೇ ತುಂಬಿರುತ್ತದೆ. ಬಿಡಿ ಕಡ್ಡಿ ಸಿಗುವ ಕಡೆ ಆರಿಸಿಕೊಳ್ಳುವುದು ಉತ್ತಮ.

ನನ್ನ ಆಯ್ಕೆ ಹೀಗೆ. ಅತಿ ತಿಳಿ ಬಣ್ಣಗಳೇ ಏಳೆಂಟು ಬೇಕು: ಕೆನೆಹಳದಿ, ಏಪ್ರಿಕಾಟ್ (ತಿಳಿ ಕಿತ್ತಳೆ), ಗುಲಾಬಿ, ತಿಳಿನೇರಳೆ, ತಿಳಿನೀಲಿ, ಹಸಿರು ಬೆರೆತ ನೀಲಿ, ಬಿಸಿ ಬೂದು (ಕೆಂಪು-ಹಳದಿಯ ಕಡೆ ವಾಲಿದ್ದು), ತಂಪು ಬೂದು (ನೀಲಿಯ ಕಡೆ ವಾಲಿದ್ದು). ಕಣ್ಣು ಕಿರಿದು ಮಾಡಿ ನೋಡಿದರೆ ಇವೆಲ್ಲ ಒಂದೇ ಬಿಳಿಯಾಗಿ ಕಾಣಬೇಕು. ಇವುಗಳಿಗಿಂತ ಒಂದು ಮೆಟ್ಟಿಲು ಕೆಳಗೆ ನೆರಳಿನ ನೀಲಿ-ನೇರಳೆಗಳು ಐದಾರು. ನಡುವಣ ಬೂದುಗಳು, ಒಣಹುಲ್ಲಿಗೆ ಓಕರ್ (ಮಣ್ಣಿನ ಹಳದಿ), ತುಕ್ಕಿನ ಕೆಂಪು. ಗಾಢದಲ್ಲಿ ಇಂಡಿಗೋ, ಬದನೆಕಾಯಿ ನೇರಳೆ, ಕಡುಗಂದು, ಕಪ್ಪಿಗೆ ಹತ್ತಿರದ ಹಸಿರು. ಕಪ್ಪು ಕಡ್ಡಿ ಬೇಡ. ಹಿಮದ ಪಕ್ಕದಲ್ಲಿ ಕಪ್ಪು ಇಟ್ಟರೆ ಕಾಗದದಲ್ಲಿ ತೂತು ಬಿದ್ದಂತೆ ಕಾಣುತ್ತದೆ.

ಗಟ್ಟಿ ಕಡ್ಡಿ ಕೆಲವು, ಮಧ್ಯಮ ಹಲವು, ಅತಿ ಮೆತ್ತನೆಯವು ಕೆಲವು ಇರಲಿ. ಬ್ರ್ಯಾಂಡ್‌ಗಳಲ್ಲಿ ನುಪೇಸ್ಟಲ್ ಗಟ್ಟಿ, ರೆಂಬ್ರಾಂಟ್ ಮಧ್ಯಮ, ಸೆನೆಲಿಯೆ ಮತ್ತು ಶ್ಮಿಂಕೆ ಬೆಣ್ಣೆಯಷ್ಟು ಮೆತ್ತಗೆ. ದುಡ್ಡು ಅಳೆದು ಖರ್ಚು ಮಾಡಬೇಕಾದರೆ ಮೆತ್ತನೆಯ ಕಡ್ಡಿಗಳನ್ನು ಅತಿ ತಿಳಿ ಬಣ್ಣಗಳಲ್ಲಿ ಮಾತ್ರ ಕೊಳ್ಳಿ. ಕೊನೆಯ ಪದರಕ್ಕೆ ಬೇಕಾಗುವುದು ಅವೇ.

ಯಾವ ಕಾಗದ ಒಳ್ಳೆಯದು?

ತರಿ ಇರುವ ಕಾಗದ. ಪುಡಿ ಕೂರಲು ಕಾಗದದ ಮೈಯಲ್ಲಿ ಸಣ್ಣ ಸಣ್ಣ ಗುಳಿಗಳಿರಬೇಕು. ನುಣುಪು ಡ್ರಾಯಿಂಗ್ ಹಾಳೆಯಲ್ಲಿ ಎರಡನೇ ಪದರಕ್ಕೇ ಬಣ್ಣ ಜಾರುತ್ತದೆ. ಕ್ಯಾನ್ಸನ್ ಮಿ-ತ್ಯಾಂತ್ ಸುಲಭವಾಗಿ ಸಿಗುವ ಬಣ್ಣದ ಕಾಗದ. ಅದರ ಒಂದು ಮೈಯಲ್ಲಿ ಜೇನುಗೂಡಿನಂಥ ಎದ್ದು ಕಾಣುವ ವಿನ್ಯಾಸವಿದೆ. ಹಿಮಕ್ಕೆ ಅದು ಅಡ್ಡಿ, ನುಣುಪಾದ ಹಿಂಬದಿ ಬಳಸಿ. ಪೇಸ್ಟಲ್‌ಮ್ಯಾಟ್ ಎಂಬ ಕಾಗದ ಮೆತ್ತಗಿದ್ದರೂ ಬಣ್ಣ ಗಟ್ಟಿಯಾಗಿ ಹಿಡಿಯುತ್ತದೆ, ಧೂಳು ಕಡಿಮೆ. ಉಪ್ಪುಕಾಗದದಂಥ ಮೈಯಿರುವ ಸ್ಯಾಂಡೆಡ್ ಪೇಪರ್‌ಗಳಲ್ಲಿ ಯುಆರ್ಟ್ ಎಂಬ ಬ್ರ್ಯಾಂಡ್ 240ರಿಂದ 800ರವರೆಗಿನ ತರಿಗಳಲ್ಲಿ ಬರುತ್ತದೆ. ಅಂಕಿ ದೊಡ್ಡದಾದಷ್ಟೂ ಮೈ ನಯ. ಹಿಮಕ್ಕೆ 400 ನನ್ನ ಕೈಗೆ ಒಗ್ಗಿದೆ.

ಕಾಗದದ ಬಣ್ಣವೂ ಮುಖ್ಯ. ಬಿಳಿ ಕಾಗದದ ಮೇಲೆ ತಿಳಿ ಬಣ್ಣಗಳೆಲ್ಲ ಕೊಳಕಾಗಿ ಕಾಣುವುದರಿಂದ ಕೈ ತಾನೇ ತಾನಾಗಿ ಬಿಳಿ ಕಡ್ಡಿಯತ್ತ ಓಡುತ್ತದೆ. ನಡುವಣ ಗಾಢತೆಯ ಬಿಸಿ ಬಣ್ಣ ತೆಗೆದುಕೊಳ್ಳಿ: ಮಣ್ಣಿನ ಗುಲಾಬಿ, ಓಕರ್, ತಿಳಿಗಂದು. ನೀಲಿ ನೆರಳಿನ ಸಂದಿನಿಂದ ಆ ಬಿಸಿ ಬಣ್ಣ ಚುಕ್ಕಿ ಚುಕ್ಕಿಯಾಗಿ ಇಣುಕಿದರೆ ಹಿಮಕ್ಕೆ ಜೀವ ಬರುತ್ತದೆ.

ಎಲ್ಲಿಂದ ಶುರು ಮಾಡಬೇಕು? ಒಂದು ಚಿತ್ರವನ್ನು ಹಂತ ಹಂತವಾಗಿ ಹೇಳುವಿರಾ?

ಒಂದು ಸರಳ ದೃಶ್ಯ ಇಟ್ಟುಕೊಳ್ಳೋಣ. ಸಂಜೆ, ಎಡದಿಂದ ಇಳಿಬಿಸಿಲು. ಹಿಮ ಕವಿದ ಬಯಲು, ಹಿಂದೆ ಎಲೆಯುದುರಿದ ಮರಗಳ ಸಾಲು, ಮುಂದೆ ಬಯಲನ್ನು ಸೀಳಿಕೊಂಡು ಹೋಗುವ ಸಣ್ಣ ತೊರೆ. ಕಾಗದ 23 × 30 ಸೆಂಟಿಮೀಟರ್‌ನ ಸ್ಯಾಂಡೆಡ್ ಪೇಪರ್, ನಾಲ್ಕೂ ಅಂಚಿಗೆ ಮಾಸ್ಕಿಂಗ್ ಟೇಪ್.

ಮೊದಲು ಬೇರೆ ಕಾಗದದಲ್ಲಿ, ಅಂಗೈಯಗಲದ ಕರಡು. ಪೆನ್ಸಿಲ್‌ನಲ್ಲಿ ಮೂರೇ ಗಾಢತೆ: ಬಿಸಿಲಿನ ಹಿಮ ತಿಳಿ, ಆಕಾಶ ಮತ್ತು ನೆರಳಿನ ಹಿಮ ನಡುವಣದು, ಮರ ಮತ್ತು ನೀರು ಗಾಢ. ಐದು ನಿಮಿಷದ ಕೆಲಸ, ತಪ್ಪಿಸಬೇಡಿ. ಇದರಲ್ಲಿ ಸರಿ ಕಾಣದ ಚಿತ್ರ ಬಣ್ಣದಲ್ಲಿ ಸರಿಯಾಗುವುದಿಲ್ಲ.

ಈಗ ತಳಬಣ್ಣ. ಗಟ್ಟಿ ಕಡ್ಡಿಯನ್ನು ಮಲಗಿಸಿ, ಅದರ ಪಕ್ಕೆಯಿಂದ ದೊಡ್ಡ ದೊಡ್ಡ ಭಾಗಗಳನ್ನು ತೆಳ್ಳಗೆ ತುಂಬಿ. ಬಿಸಿಲಿನ ಹಿಮ ಬರುವ ಕಡೆ ಏಪ್ರಿಕಾಟ್, ನೆರಳು ಬರುವ ಕಡೆ ನಡುವಣ ನೇರಳೆ, ಮರಗಳ ಕಡೆ ಕಡುಗಂದು, ತೊರೆಗೆ ಇಂಡಿಗೋ. ಚಪ್ಪಟೆ ಬ್ರಷ್ಷನ್ನು ರಬ್ಬಿಂಗ್ ಆಲ್ಕೋಹಾಲ್‌ನಲ್ಲಿ (ಚರ್ಮ ಒರೆಸುವ ಸ್ಪಿರಿಟ್) ಅದ್ದಿ ಇದರ ಮೇಲೆ ಎಳೆಯಿರಿ, ತಿಳಿಯಿಂದ ಗಾಢದ ಕಡೆಗೆ. ಬಣ್ಣ ಕರಗಿ ಕಾಗದದ ಗುಳಿಗಳಿಗೆ ಇಳಿಯುತ್ತದೆ, ಬೇಗ ಆರುತ್ತದೆ, ತರಿ ಹಾಗೇ ಉಳಿಯುತ್ತದೆ. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡ. ತೆಳು ಕಾಗದ ಒದ್ದೆಯಾದರೆ ಏಳುತ್ತದೆ, ಅದರಲ್ಲಿ ಈ ಹಂತ ಬಿಟ್ಟುಬಿಡಿ.

ಆರಿದ ಮೇಲೆ ಆಕಾಶ. ಅದು ಮುಗಿದ ಮೇಲೆ ದೂರದ ಮರಸಾಲು, ಆಮೇಲೆ ಬಯಲು. ಮೇಲಿನಿಂದ ಕೆಳಗೆ ಬರುವುದರಿಂದ ಉದುರುವ ಧೂಳು ಮುಗಿದ ಭಾಗದ ಮೇಲೆ ಬೀಳುವುದಿಲ್ಲ. ಬಯಲಿನಲ್ಲಿ ನೆರಳನ್ನು ಮೊದಲು ಬರೆಯಿರಿ. ಗೆರೆ ನೆಲದ ಏರಿಳಿತವನ್ನು ಹಿಡಿದೇ ಹೋಗಲಿ. ಹಿಮದ ಕೆಳಗೆ ನೆಲ ಹೇಗಿದೆ ಎಂದು ಹೇಳುವುದು ನೆರಳು ಮಾತ್ರ. ನೆರಳು ಸಮತಟ್ಟಾಗಿ ಬಂದು ಥಟ್ಟನೆ ಬಗ್ಗಿದರೆ ಅಲ್ಲೊಂದು ದಿಣ್ಣೆ ಇದೆ ಎಂದರ್ಥ. ಆಮೇಲೆ ಬಿಸಿಲಿನ ಹಿಮ, ಮೆತ್ತನೆ ಕಡ್ಡಿಯಲ್ಲಿ. ದೂರದಲ್ಲಿ ಗುಲಾಬಿ, ಹತ್ತಿರ ಬಂದಂತೆ ಕೆನೆಹಳದಿ.

ತೊರೆಯ ಅಂಚು ಕೊನೆಗೆ. ದಡದ ಹಿಮಕ್ಕೆ ದಪ್ಪವಿದೆ ಅನ್ನುವುದು ಮರೆಯಬೇಡಿ. ಮೇಲ್ಮೈಗೆ ಬಿಸಿಲು, ನೀರಿನ ಕಡೆಗೆ ಇಳಿಯುವ ಗೋಡೆಗೆ ನೀಲಿ ನೆರಳು, ಅದರ ಕೆಳಗೆ ನೀರಿನ ಗಾಢತೆ. ಈ ಮೂರು ಪಟ್ಟಿ ಸರಿಯಾಗಿ ಬಂದರೆ ಹಿಮ ಕೈಯಲ್ಲಿ ಬಾಚಿಕೊಳ್ಳುವಷ್ಟು ದಪ್ಪವಾಗಿ ಕಾಣುತ್ತದೆ.

ಈಗ ಬೇಕಿದ್ದರೆ ಬಿಳಿ ಕಡ್ಡಿ. ಬಿಸಿಲು ಅತಿ ನೇರವಾಗಿ ಬಿದ್ದ ಒಂದು ದಿಣ್ಣೆಯ ಅಂಚಿಗೆ ಮೂರು ನಾಲ್ಕು ಗುರುತು, ಒತ್ತಿ, ಒಂದೇ ಸಲ. ಮತ್ತೆ ಅದನ್ನು ಮುಟ್ಟಬೇಡಿ.

ಬೆರಳಿನಲ್ಲಿ ತೀಡಬಹುದೇ?

ಆಕಾಶದಲ್ಲಿ, ದೂರದ ಮಂಜಿನಲ್ಲಿ ಸ್ವಲ್ಪ ತೀಡಬಹುದು, ಅದೂ ತಳದ ಪದರಗಳಲ್ಲಿ. ಮೇಲಿನ ಪದರವನ್ನು ತೀಡಿದರೆ ಕಣಗಳು ಚಪ್ಪಟೆಯಾಗಿ ಹೊಳಪು ಹೋಗುತ್ತದೆ. ಬೆರಳಿನ ಜಿಡ್ಡು ಬೇರೆ ಅಂಟುತ್ತದೆ. ಹಿಮದ ಮೇಲಂತೂ ಬೆರಳು ಬೇಡವೇ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಎರಡು ಬಣ್ಣ ಬೆರೆಯಬೇಕಾದರೆ ಒಂದರ ಮೇಲೆ ಇನ್ನೊಂದನ್ನು ಹಗುರವಾಗಿ, ಕಾಗದ ಮುಟ್ಟಿತೋ ಇಲ್ಲವೋ ಎನ್ನುವಷ್ಟು ಹಗುರವಾಗಿ ಎಳೆಯಿರಿ. ಬೆರೆಸುವ ಕೆಲಸ ನೋಡುವವರ ಕಣ್ಣು ಮಾಡುತ್ತದೆ.

ಸ್ವಲ್ಪ ಹೊತ್ತಿಗೆ ಬಣ್ಣ ಹಿಡಿಯುವುದೇ ಇಲ್ಲ, ಜಾರುತ್ತದೆ. ಏನು ಮಾಡಲಿ?

ಗುಳಿಗಳು ತುಂಬಿಹೋಗಿವೆ. ಮೊದಲ ಪದರಗಳಲ್ಲೇ ಒತ್ತಿ ಹಚ್ಚಿರುತ್ತೀರಿ. ಗಡಸು ಕೂದಲಿನ ಒಣ ಬ್ರಷ್‌ನಿಂದ ಆ ಭಾಗವನ್ನು ಕೆರೆದು ಉದುರಿಸಿ, ಮತ್ತೆ ತೆಳ್ಳಗೆ ಹಚ್ಚಿ. ಗಟ್ಟಿಯಿಂದ ಮೆತ್ತನೆಗೆ, ಹಗುರದಿಂದ ಒತ್ತಿಗೆ ಎಂಬ ಕ್ರಮ ತಪ್ಪದಿದ್ದರೆ ಈ ತೊಂದರೆ ಬರುವುದು ಅಪರೂಪ.

ಎಲೆಯುದುರಿದ ಮರಗಳು ಪೊರಕೆ ನಿಲ್ಲಿಸಿದ ಹಾಗೆ ಕಾಣುತ್ತವೆ. ಎಲ್ಲಿ ತಪ್ಪುತ್ತಿದೆ?

ಕೊಂಬೆಗಳನ್ನು ಎಣಿಸಿ ಬರೆಯುತ್ತಿದ್ದೀರಿ. ದೂರದಿಂದ ನೋಡಿದರೆ ಸಾವಿರಾರು ಸಣ್ಣ ಕಡ್ಡಿಗಳು ಸೇರಿ ಮರದ ನೆತ್ತಿಯ ಸುತ್ತ ಹೊಗೆಯಂಥ ಒಂದು ಮುಸುಕು ಆಗಿರುತ್ತದೆ, ಸಾಮಾನ್ಯವಾಗಿ ನೇರಳೆ ಬೂದು ಇಲ್ಲವೇ ಕೆಂಪು ಬೂದು. ಮೊದಲು ಆ ಮುಸುಕನ್ನು ಕಡ್ಡಿಯ ಪಕ್ಕೆಯಿಂದ ಆಕಾಶದ ಮೇಲೆ ತೇಲಿಸಿ. ಅದರೊಳಗೆ ಕಾಂಡ, ಎರಡು ಮೂರು ದೊಡ್ಡ ಕೊಂಬೆ. ಸಣ್ಣ ಕೊಂಬೆ ಬೇಕೆಂದರೆ ಗಟ್ಟಿ ಕಡ್ಡಿಯನ್ನು ಮುರಿದು, ಮುರಿದ ಚೂಪು ಅಂಚಿನಿಂದ ಐದಾರು ಗೆರೆ, ಬುಡದಿಂದ ತುದಿಗೆ ಎಳೆದು ಕೈ ಹಗುರ ಮಾಡುತ್ತಾ ಬಿಟ್ಟುಬಿಡಿ. ಕೊಂಬೆಗಳ ನಡುವೆ ಆಕಾಶದ ತುಣುಕು ತೋರಿಸುವುದಿದ್ದರೆ ಅದು ಹೊರಗಿನ ಆಕಾಶಕ್ಕಿಂತ ಒಂದು ಎಳೆ ಗಾಢವಾಗಿರಲಿ. ಕಾಣದಷ್ಟು ಸಣ್ಣ ಕಡ್ಡಿಗಳು ಅಲ್ಲೂ ಬೆಳಕನ್ನು ತಡೆಯುತ್ತಿರುತ್ತವೆ.

ಹತ್ತಿರದ ಮರಕ್ಕೆ ಬೇರೆಯೇ ಗಮನ ಬೇಕು. ಹಿಮ ಬೆಳಕನ್ನು ಕೆಳಗಿನಿಂದ ಮೇಲಕ್ಕೆ ಎಸೆಯುತ್ತದೆ. ಆದ್ದರಿಂದ ಕೊಂಬೆಯ ಕೆಳಬದಿ ನೀವೆಣಿಸಿದಷ್ಟು ಗಾಢವಾಗಿರುವುದಿಲ್ಲ, ಅಲ್ಲೊಂದು ಬೆಚ್ಚನೆಯ ಮಿನುಗು ಇರುತ್ತದೆ. ಕಾಂಡ ಬಿಸಿಲಿಗೆ ಕಾಯುವುದರಿಂದ ಬುಡದ ಸುತ್ತ ಹಿಮ ಕರಗಿ ಬಟ್ಟಲಿನಂಥ ಕುಳಿ ಬಿದ್ದಿರುತ್ತದೆ. ಆ ಕುಳಿಯ ಒಳಗೆ ನೀಲಿ ನೆರಳು, ಅದರ ತಳದಲ್ಲಿ ಕೊಳೆತೆಲೆಯ ಒಂದು ಚೂರು ಕಂದು. ಇಷ್ಟು ಬರೆದರೆ ಮರ ಹಿಮದ ಮೇಲೆ ಇಟ್ಟಂತಿರದೆ ನೆಲದಿಂದ ಎದ್ದಂತಿರುತ್ತದೆ.

ಮೋಡ ಕವಿದ ದಿನ ಆಕಾಶ ತಿಳಿಯೋ ಹಿಮ ತಿಳಿಯೋ?

ಬಹುತೇಕ ಹಿಮವೇ ತಿಳಿಯಾಗಿ ಕಾಣುತ್ತದೆ. ಬೇರೆ ನಿಸರ್ಗಚಿತ್ರಗಳಲ್ಲಿ ಆಕಾಶ ಎಲ್ಲಕ್ಕಿಂತ ತಿಳಿ ಎಂದು ಕಲಿತವರಿಗೆ ಇಲ್ಲಿ ಲೆಕ್ಕ ತಲೆಕೆಳಗಾಗುತ್ತದೆ. ಪೀಟರ್ ಬ್ರೂಗೆಲ್ 1565ರಲ್ಲಿ ಬರೆದ, ಹಿಮದಲ್ಲಿ ಬೇಟೆಗಾರರು ಮರಳಿ ಬರುವ ಚಿತ್ರ ಈಗ ವಿಯೆನ್ನಾದಲ್ಲಿದೆ. ಅದರಲ್ಲಿ ಆಕಾಶ ಹಸಿರು ಬೆರೆತ ಬೂದು, ಹಿಮಕ್ಕಿಂತ ಸ್ಪಷ್ಟವಾಗಿ ಗಾಢ. ಕೆಳಗಿನ ಹೆಪ್ಪುಗಟ್ಟಿದ ಕೊಳಗಳಿಗೂ ಅದೇ ಆಕಾಶದ ಬಣ್ಣ. ಚಳಿ ಮೈಗೆ ತಾಗುವುದು ಆ ಎರಡು ಬೂದುಗಳಿಂದ.

ನೀರು ಮತ್ತು ಮಂಜುಗಡ್ಡೆ?

ಹಿಮದ ನಡುವೆ ಹರಿಯುವ ನೀರು ಗಾಢವಾಗಿ ಕಾಣುತ್ತದೆ. ಮೇಲಿನಿಂದ ನೇರವಾಗಿ ನೋಡಿದಾಗ ನೀರು ಸುಮಾರು ಶೇ 2ರಷ್ಟು ಬೆಳಕನ್ನು ಮಾತ್ರ ಪ್ರತಿಫಲಿಸುತ್ತದೆ, ಓರೆಯಾಗಿ ನೋಡಿದಷ್ಟೂ ಹೆಚ್ಚು. ಹಾಗಾಗಿ ನಿಮ್ಮ ಕಾಲಬುಡದ ನೀರು ಕಡುಬಣ್ಣ, ದೂರದ್ದು ಆಕಾಶದ ಬಣ್ಣ. ಪ್ರತಿಬಿಂಬದಲ್ಲಿ ತಿಳಿ ವಸ್ತು ತುಸು ಗಾಢವಾಗಿ, ಗಾಢ ವಸ್ತು ತುಸು ತಿಳಿಯಾಗಿ ಬರುತ್ತದೆ. ಕಡ್ಡಿಯನ್ನು ನೇರ ಕೆಳಕ್ಕೆ ಎಳೆದು ಪ್ರತಿಬಿಂಬ, ಮೇಲೆ ಅಡ್ಡಲಾಗಿ ಒಂದೆರಡು ಗೆರೆ. ದಪ್ಪ ಮಂಜುಗಡ್ಡೆ ಕೆಂಪು ಬೆಳಕನ್ನು ಹೀರಿಕೊಳ್ಳುವುದರಿಂದ ಹಸಿರು-ನೀಲಿ ಬಣ್ಣಕ್ಕಿರುತ್ತದೆ.

ಹಿಮ ಬೀಳುತ್ತಿರುವುದನ್ನು ತೋರಿಸುವುದು ಹೇಗೆ?

ಚುಕ್ಕಿ ಇಟ್ಟು ಅಲ್ಲ, ದೂರವನ್ನು ಅಳಿಸಿ. ಹಿಂದಿನ ಮರಗಳು ಅರ್ಧ ಕರಗಿದ್ದರೆ ಹಿಮ ಬೀಳುತ್ತಿದೆ ಎಂದು ಕಣ್ಣಿಗೆ ತಿಳಿಯುತ್ತದೆ. ಆಮೇಲೆ ಗಾಢ ಭಾಗದ ಮೇಲೆ ಕೆಲವೇ ಚುಕ್ಕಿ, ಒಂದೇ ಗಾತ್ರ ಬೇಡ, ಒಂದೇ ದೂರ ಬೇಡ, ಗಾಳಿಯ ಓರೆ ಇರಲಿ.

ಫಿಕ್ಸೆಟಿವ್ (ಪುಡಿ ಉದುರದಂತೆ ಹಿಡಿದಿಡುವ ಅಂಟಿನ ಸ್ಪ್ರೇ) ಹಾಕಲೇಬೇಕೇ?

ನಾನು ಕೊನೆಯಲ್ಲಿ ಹಾಕುವುದಿಲ್ಲ. ಕಲಿಯುವ ದಿನಗಳಲ್ಲಿ ಮೂರು ಸಂಜೆ ಕೂತು ಬರೆದ ಚಿತ್ರವೊಂದಕ್ಕೆ ಕೊನೆಗೆ ದಟ್ಟವಾಗಿ ಸ್ಪ್ರೇ ಮಾಡಿದೆ. ಆರುವುದನ್ನು ಪಕ್ಕದಲ್ಲೇ ನಿಂತು ನೋಡುತ್ತಿದ್ದೆ. ದಿಣ್ಣೆಯ ಮೇಲಿನ ಗುಲಾಬಿ, ಕೆನೆಹಳದಿ, ಒಂದೊಂದಾಗಿ ಆರಿಹೋದವು. ಒದ್ದೆ ಕಾಗದದ ಬೂದು ಉಳಿಯಿತು. ಆ ದುಃಖ ನನಗೆ ಇವತ್ತೂ ನೆನಪಿದೆ. ಅಂಟು ಕಣಗಳ ನಡುವಿನ ಗಾಳಿಯ ಜಾಗ ತುಂಬಿಬಿಡುವುದರಿಂದ ಬೆಳಕು ಚದುರುವುದು ಕಡಿಮೆಯಾಗುತ್ತದೆ, ಬಣ್ಣ ಗಾಢವಾಗುತ್ತದೆ. ಅತಿ ಹೆಚ್ಚು ಪೆಟ್ಟು ಬೀಳುವುದು ತಿಳಿ ಬಣ್ಣಗಳಿಗೇ, ಅಂದರೆ ಹಿಮಕ್ಕೇ.

ನಡುವಿನ ಹಂತದಲ್ಲಿ ಹಾಕಬಹುದು. ಗಾಢ ಪದರ ಮುಗಿದಾಗ ದೂರದಿಂದ ತೆಳ್ಳಗೆ ಒಂದು ಸಲ. ಹಿಮವನ್ನು ಅದಾದ ಮೇಲೆ ಬರೆದು ಹಾಗೇ ಬಿಡಿ.

ಚಳಿಯಲ್ಲಿ ಹೊರಗೆ ಕೂತು ಬರೆಯಬಹುದೇ?

ಅದಕ್ಕೆ ಪೇಸ್ಟಲ್‌ಗಿಂತ ಅನುಕೂಲದ ಮಾಧ್ಯಮ ನಾನು ಕಂಡಿಲ್ಲ. ಜಲವರ್ಣ ಕುಂಚದ ಮೇಲೇ ಹೆಪ್ಪುಗಟ್ಟುತ್ತದೆ, ಎಣ್ಣೆಬಣ್ಣ ಗಟ್ಟಿಯಾಗುತ್ತದೆ, ಒಣ ಕಡ್ಡಿಗೆ ಏನೂ ಆಗುವುದಿಲ್ಲ. ಬೆರಳ ತುದಿ ತೆರೆದಿರುವ ಗ್ಲೌಸ್, ಕಾಲ ಕೆಳಗೆ ಹಾಸಲು ದಪ್ಪ ರಟ್ಟು. ಕಾಗದದ ಮೇಲೆ ಬಿಸಿಲು ಬೀಳದಂತೆ ನಿಲ್ಲಿ. ಬಿಸಿಲಿನಲ್ಲಿ ಕಾಗದ ಹೊಳೆಯುವುದರಿಂದ ಬೇಕಾದ್ದಕ್ಕಿಂತ ಗಾಢವಾಗಿ ಬರೆದುಬಿಡುತ್ತೀರಿ, ಒಳಗೆ ತಂದು ನೋಡಿದಾಗ ಚಿತ್ರ ಮಂಕಾಗಿರುತ್ತದೆ. ಚಿತ್ರದ ಮೇಲೆ ಹಿಮದ ಹನಿ ಬಿದ್ದರೆ ಒರೆಸಬೇಡಿ. ಆರಲು ಬಿಟ್ಟು ಮೇಲೆ ಹಗುರವಾಗಿ ಬಣ್ಣ ಹಚ್ಚಿ.

ಬೆಳಕು ಬೇಗ ಓಡುತ್ತದೆ. ಮೊದಲು ನೆರಳುಗಳ ಜಾಗ ಗುರುತು ಮಾಡಿ, ಆಮೇಲೆ ಸೂರ್ಯ ಎಲ್ಲಿಗೆ ಹೋದರೂ ಅದನ್ನು ಬದಲಿಸಬೇಡಿ.

ಧೂಳಿನಿಂದ ಆರೋಗ್ಯಕ್ಕೆ ತೊಂದರೆಯೇ?

ಎಚ್ಚರ ಬೇಕು. ಕೆಲವು ಕಡ್ಡಿಗಳಲ್ಲಿ ಕ್ಯಾಡ್ಮಿಯಂ, ಕೋಬಾಲ್ಟ್‌ನಂಥ ಲೋಹದ ಬಣ್ಣಗಳಿರುತ್ತವೆ. ಚಿತ್ರದ ಮೇಲಿನ ಪುಡಿಯನ್ನು ಬಾಯಿಂದ ಊದಲೇಬೇಡಿ. ಈಸೆಲ್ (ಚಿತ್ರದ ಹಲಗೆ ನಿಲ್ಲಿಸುವ ಸ್ಟ್ಯಾಂಡ್) ನೆಟ್ಟಗೆ, ತುಸು ಮುಂದಕ್ಕೆ ಬಾಗಿರಲಿ. ಕೆಳಗೆ ಫಾಯಿಲ್ ಮಡಿಚಿ ತೊಟ್ಟಿಯಂತೆ ಮಾಡಿದರೆ ಪುಡಿ ಅದರಲ್ಲಿ ಬೀಳುತ್ತದೆ. ನೈಟ್ರೈಲ್ ಗ್ಲೌಸ್, ಬೇಕಿದ್ದರೆ ಮಾಸ್ಕ್. ಕೆಲಸ ಮಾಡುವಾಗ ತಿನ್ನುವುದು ಬೇಡ. ಕೊನೆಗೆ ಗುಡಿಸುವ ಬದಲು ಒದ್ದೆ ಬಟ್ಟೆಯಿಂದ ಒರೆಸಿ. ಕೊಳೆಯಾದ ಕಡ್ಡಿಗಳನ್ನು ಅಕ್ಕಿ ತುಂಬಿದ ಡಬ್ಬದಲ್ಲಿ ಹಾಕಿ, ಮುಚ್ಚಿ, ಮೆಲ್ಲಗೆ ಅಲ್ಲಾಡಿಸಿದರೆ ಮತ್ತೆ ನಿಜಬಣ್ಣ ಕಾಣುತ್ತದೆ. ಆ ಅಕ್ಕಿಯನ್ನು ಎಸೆಯಿರಿ.

ವರ್ಷ ಕಳೆದಂತೆ ಬಣ್ಣ ಮಾಸುವುದಿಲ್ಲವೇ?

ಪೇಸ್ಟಲ್‌ನಲ್ಲಿ ಎಣ್ಣೆಯಿಲ್ಲ, ಹಾಗಾಗಿ ಹಳದಿಗಟ್ಟುವುದಿಲ್ಲ, ಬಿರುಕು ಬಿಡುವುದಿಲ್ಲ. 18ನೇ ಶತಮಾನದಲ್ಲಿ ಮೊರಿಸ್ ಕ್ವಾಂತಾನ್ ದ ಲಾ ತೂರ್, ಜಾನ್-ಎತಿಯೆನ್ ಲಿಯೊತಾರ್ ಬರೆದ ಪೇಸ್ಟಲ್ ಭಾವಚಿತ್ರಗಳು ಇಂದಿಗೂ ತಾಜಾ ಇವೆ. ಆದರೆ ಎಲ್ಲ ಬಣ್ಣದ ಪುಡಿಯೂ ಬೆಳಕಿಗೆ ಒಂದೇ ಥರ ತಡೆಯುವುದಿಲ್ಲ. ಬೇಗ ಮಾಸುವವು ಹೆಚ್ಚಾಗಿ ಗುಲಾಬಿ ಮತ್ತು ನೇರಳೆಗಳಲ್ಲಿ ಸಿಗುತ್ತವೆ. ಹಿಮದ ಚಿತ್ರದಲ್ಲಿ ನಾವು ಧಾರಾಳವಾಗಿ ಬಳಸುವುದೂ ಅವನ್ನೇ. ನಿಮ್ಮ ಕಡ್ಡಿಗಳ ಪಟ್ಟಿ ಬಳಿದು, ಅರ್ಧಕ್ಕೆ ದಪ್ಪ ರಟ್ಟು ಮುಚ್ಚಿ, ಬಿಸಿಲು ಬರುವ ಕಿಟಕಿಗೆ ಮೂರು ನಾಲ್ಕು ತಿಂಗಳು ಅಂಟಿಸಿ. ರಟ್ಟು ತೆಗೆದಾಗ ಯಾವುದನ್ನು ನಂಬಬಹುದು ಎಂದು ಕಾಣುತ್ತದೆ.

ಮುಗಿದ ಚಿತ್ರವನ್ನು ಕಾಪಾಡುವುದು ಹೇಗೆ?

ಚಿತ್ರ ಹಿಡಿದ ಹಲಗೆಯ ಹಿಂಬದಿಗೆ ಮೊದಲು ಎರಡು ಸಲ ತಟ್ಟಿ. ಸಡಿಲ ಪುಡಿ ಈಗಲೇ ಉದುರಲಿ. ಫ್ರೇಮ್ ಹಾಕಿಸುವವರೆಗೆ ಗ್ಲಾಸೈನ್ ಎಂಬ ನುಣುಪಾದ ತೆಳು ಹಾಳೆ ಮುಚ್ಚಿ, ಜಾರದಂತೆ ಟೇಪ್ ಅಂಟಿಸಿ, ಮಲಗಿಸಿ ಇಡಿ. ಫ್ರೇಮಿನಲ್ಲಿ ಗಾಜು ಚಿತ್ರವನ್ನು ಮುಟ್ಟಬಾರದು, ನಡುವೆ ಮೌಂಟ್ (ಚಿತ್ರದ ಸುತ್ತ ಹಾಕುವ ರಟ್ಟಿನ ಅಂಚು) ಇಲ್ಲವೇ ಸಣ್ಣ ಪಟ್ಟಿ ಇರಬೇಕು. ಗಾಜಿನ ಬದಲು ಸಾಮಾನ್ಯ ಅಕ್ರಿಲಿಕ್ ಹಾಕಲು ಹೇಳಿದರೆ ಒಪ್ಪಬೇಡಿ. ಅದರಲ್ಲಿ ಹುಟ್ಟುವ ಸ್ಥಿರವಿದ್ಯುತ್ ಪುಡಿಯನ್ನು ಮೇಲಕ್ಕೆಳೆಯುತ್ತದೆ, ಮೊದಲು ಹೋಗುವುದು ಕೊನೆಗೆ ಇಟ್ಟ ಆ ಮೂರು ನಾಲ್ಕು ಬಿಳಿ ಗುರುತುಗಳು.